ಇಪ್ಪತ್ತು ಮನೆಗಳ ಲೆಕ್ಕ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗಲೂ, ಮರುವರ್ಷ ಅದೇ ತಿಂಗಳು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳಿಗೆ ಹೊಳೆಯ ನೀರು ನುಗ್ಗಿದಾಗಲೂ ನಾಡಿನ ನಾನಾ ಕಡೆಯಿಂದ ಲಾರಿಗಳು ಹೊರಟವು. ಅಕ್ಕಿ, ರೊಟ್ಟಿ, ಚಾದರ, ಔಷಧಿ ಹೊತ್ತು ಹೋದ ಆ ಲಾರಿಗಳ ಹಿಂದೆ ನಮಗೆಲ್ಲ ರೂಢಿಯಾದ ಒಂದು ತಿಳಿವಳಿಕೆಯಿದೆ. ಕಷ್ಟ ಒಂದು ಕಡೆ ಇರುತ್ತದೆ, ಕಷ್ಟವಿಲ್ಲದವರು ಇನ್ನೊಂದು ಕಡೆ ಇರುತ್ತಾರೆ, ಇಲ್ಲಿಂದ ಅಲ್ಲಿಗೆ ಹೋಗುವುದೇ ನೆರವು. ಸಾಂಕ್ರಾಮಿಕ ರೋಗದ ಕಾಲದಲ್ಲಿ ಈ ತಿಳಿವಳಿಕೆ ಕೈಕೊಡುತ್ತದೆ. ಕಷ್ಟ ಎಲ್ಲ ಕಡೆಯೂ ಏಕಕಾಲಕ್ಕೆ ಬಂದಿರುತ್ತದೆ. ಹೊರಗಿನವರು ಬರುವಂತಿಲ್ಲ, ಬಂದರೆ ಅವರೇ ರೋಗವನ್ನು ಹೊತ್ತು ತರಬಹುದು. ನೆರೆ ಹದಿನೈದು ದಿನದಲ್ಲಿ ಇಳಿದೀತು, ಮಹಾಮಾರಿ ತಿಂಗಳುಗಟ್ಟಲೆ ನಿಲ್ಲುತ್ತದೆ, ಹೋದಂತೆ ಕಂಡು ಮತ್ತೆ ಬರುತ್ತದೆ. ಹಾಗಾಗಿ ಅಂಥ ಹೊತ್ತಿನಲ್ಲಿ ನೆರವಾಗಬಲ್ಲವರು ಮೊದಲೇ ಹತ್ತಿರ ಇದ್ದವರು ಮಾತ್ರ. ಈ ಲೇಖನದ ವಾದ ಇಷ್ಟೇ: ಸಾಂಕ್ರಾಮಿಕದ ದಿನಗಳಲ್ಲಿ ಸಾಮಾನ್ಯ ಮನುಷ್ಯ ಮಾಡಬಹುದಾದ ಅತಿ ದೊಡ್ಡ ಉಪಕಾರವೆಂದರೆ ತನ್ನ ಸುತ್ತಲಿನ ಇಪ್ಪತ್ತು ಮನೆಗಳಲ್ಲಿ ಯಾರಿದ್ದಾರೆ, ಯಾರಿಗೆ ಏನು ಬೇಕು ಎಂಬ ಲೆಕ್ಕ ಇಟ್ಟುಕೊಳ್ಳುವುದು, ಆ ಲೆಕ್ಕವನ್ನು ದಿನವೂ ನೋಡಿಕೊಳ್ಳುವುದು. ಬಾಕಿ ನೆರವೆಲ್ಲ ಅದರಿಂದ ಹುಟ್ಟುತ್ತದೆ.

ಇದು ತೀರಾ ಸಣ್ಣ ಮಾತಾಯಿತು ಎನ್ನಿಸುವುದು ಸಹಜ. ದೊಡ್ಡ ಮಟ್ಟದಲ್ಲಿ ಮಾಡಲು ಹೋದದ್ದು ಏನಾಯಿತು ಎಂಬುದನ್ನು ನೋಡಿದರೆ ಸಣ್ಣದರ ಬೆಲೆ ತಿಳಿಯುತ್ತದೆ. 2020ರ ಮಾರ್ಚ್ 24ರಂದು ಬ್ರಿಟನ್ನಿನ ಆರೋಗ್ಯ ಸೇವೆಗಾಗಿ ಎರಡೂವರೆ ಲಕ್ಷ ಸ್ವಯಂಸೇವಕರು ಬೇಕೆಂದು ಅಲ್ಲಿನ ಸರ್ಕಾರ ಕರೆ ಕೊಟ್ಟಿತು. ಕೆಲವೇ ದಿನಗಳಲ್ಲಿ ಏಳೂವರೆ ಲಕ್ಷ ಜನ ಹೆಸರು ಕೊಟ್ಟರು, ನೋಂದಣಿಯನ್ನೇ ನಿಲ್ಲಿಸಬೇಕಾಯಿತು. ಆದರೆ ಮೊದಲ ವಾರಗಳಲ್ಲಿ ಅವರಲ್ಲಿ ಬಹಳಷ್ಟು ಮಂದಿ ಮೊಬೈಲ್ ಆ್ಯಪ್ ತೆರೆದಿಟ್ಟುಕೊಂಡು ಕಾದರೂ ಕೆಲಸ ಬರಲಿಲ್ಲ. ಅದೇ ಹೊತ್ತಿನಲ್ಲಿ ಬೀದಿಬೀದಿಗಳಲ್ಲಿ ಜನ ತಾವೇ ಗುಂಪು ಕಟ್ಟಿಕೊಂಡು, ಒಂಟಿಯಾಗಿರುವ ಹಿರಿಯರ ಬಾಗಿಲಿಗೆ ಚೀಟಿ ಹಾಕಿ, ಅವರ ದಿನಸಿ, ಔಷಧಿ ತಂದುಕೊಡತೊಡಗಿದ್ದರು. ಮನಸ್ಸು ಎರಡೂ ಕಡೆ ಇತ್ತು. ಒಂದು ಕಡೆ ಯಾರ ಮನೆಗೆ ಹೋಗಬೇಕೆಂಬುದು ಗೊತ್ತಿತ್ತು, ಇನ್ನೊಂದು ಕಡೆ ಅದು ಗೊತ್ತಾಗುವ ದಾರಿ ಉದ್ದವಾಗಿತ್ತು.

ನಮ್ಮಲ್ಲಿ 2021ರ ಏಪ್ರಿಲ್ ಕೊನೆ, ಮೇ ಮೊದಲ ವಾರಗಳಲ್ಲಿ ಇದೇ ಪಾಠ ಹೆಚ್ಚು ಕ್ರೂರವಾಗಿ ಕಂಡಿತು. ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,112 ಹೊಸ ಕೋವಿಡ್ ಪ್ರಕರಣಗಳು ದಾಖಲಾದವು. ಬೆಂಗಳೂರಿನಲ್ಲಿ ಹಾಸಿಗೆ ಬೇಕಾದವರು 1912ಕ್ಕೆ ಕರೆ ಮಾಡಬೇಕಿತ್ತು, ಸೋಂಕು ದೃಢಪಟ್ಟವರಿಗೆ ಕೊಡುತ್ತಿದ್ದ ಬಿಯು ನಂಬರ್ ಕೈಯಲ್ಲಿ ಹಿಡಿದು ಕಾಯಬೇಕಿತ್ತು. ಫೇಸ್‌ಬುಕ್, ಟ್ವಿಟರ್, ವಾಟ್ಸ್‌ಆ್ಯಪ್‌ಗಳಲ್ಲಿ ಆಮ್ಲಜನಕದ ಸಿಲಿಂಡರ್ ಎಲ್ಲಿದೆ, ಐಸಿಯು ಎಲ್ಲಿ ಖಾಲಿ ಇದೆ ಎಂಬ ಪಟ್ಟಿಗಳು ಸಾವಿರಾರು ಕೈ ದಾಟುತ್ತಿದ್ದವು. ಕಳಿಸಿದವರೆಲ್ಲ ಒಳ್ಳೆಯ ಮನಸ್ಸಿನವರೇ. ಆದರೆ ಆ ಪಟ್ಟಿಯಲ್ಲಿದ್ದ ನಂಬರುಗಳಿಗೆ ಕರೆ ಮಾಡಿದರೆ ಎತ್ತುವವರಿಲ್ಲ, ಎತ್ತಿದರೆ ನಿನ್ನೆಯೇ ಮುಗಿಯಿತು ಎಂಬ ಉತ್ತರ. ಆಗ ನಿಜವಾಗಿ ಉಪಯೋಗಕ್ಕೆ ಬಂದವರು ಪಟ್ಟಿಯನ್ನು ಮುಂದಕ್ಕೆ ತಳ್ಳುವ ಮೊದಲು ಪ್ರತಿ ನಂಬರಿಗೂ ತಾವೇ ಕರೆ ಮಾಡಿ, ಇದೆಯೋ ಇಲ್ಲವೋ ಎಂದು ಖಾತ್ರಿ ಮಾಡಿಕೊಂಡು, ಯಾವ ಗಂಟೆಗೆ ಕೇಳಿದ್ದೆಂದು ಬರೆದು ಕಳಿಸಿದವರು. ಇನ್ನೂ ಹೆಚ್ಚು ಉಪಯೋಗಕ್ಕೆ ಬಂದವರು ಪಕ್ಕದ ಮನೆಯ ರೋಗಿ ಅಷ್ಟು ದೂರ ಹೋಗದಂತೆ ನೋಡಿಕೊಂಡವರು, ಅಂದರೆ ಮೂರು ದಿನ ಮೊದಲೇ ಅವರ ಉಸಿರು ಇಳಿಯುತ್ತಿರುವುದನ್ನು ಗಮನಿಸಿದವರು. ಇಂಥವರ ಸುದ್ದಿ ಎಲ್ಲೂ ಬರಲಿಲ್ಲ, ಬರುವುದೂ ಇಲ್ಲ.

ಹೀಗೆ ಗಮನಿಸುವುದಕ್ಕೆ ಪ್ರಾಣ ಉಳಿಸುವ ಶಕ್ತಿಯಿದೆ ಎಂಬುದು ನೂರು ವರ್ಷ ಹಿಂದಿನ ಅನುಭವವೂ ಹೌದು. 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಆಗ ಲಸಿಕೆ ಇರಲಿಲ್ಲ, ನ್ಯುಮೋನಿಯಾಕ್ಕೆ ಕೊಡಲು ಆ್ಯಂಟಿಬಯೊಟಿಕ್ ಇರಲಿಲ್ಲ. ಆ ವರ್ಷ ಮಳೆಯೂ ಕೈಕೊಟ್ಟು, ಧಾನ್ಯದ ಬೆಲೆ ಏರಿತ್ತು. ಮೈಸೂರು ಸಂಸ್ಥಾನದಲ್ಲಿ, ಅದರಲ್ಲೂ ಬೆಂಗಳೂರಿನಲ್ಲಿ, ಆಡಳಿತದವರೂ ಸ್ವಯಂಸೇವಕರೂ ಸೇರಿ ಬಡವರ ಕೇರಿಗಳಲ್ಲಿ ಮನೆಮನೆ ತಿರುಗಿ ಔಷಧಿಯ ಜೊತೆಗೆ ಅಕ್ಕಿಗಂಜಿ ಹಂಚಿದರು. ಗಂಜಿಯೇ ಏಕೆ? ಆ ಜ್ವರ ಮನೆಯಲ್ಲಿ ಒಬ್ಬರಿಗೆ ಬಂದು ನಿಲ್ಲುತ್ತಿರಲಿಲ್ಲ, ದುಡಿಯುವ ವಯಸ್ಸಿನ ಗಂಡ, ಹೆಂಡತಿ ಇಬ್ಬರೂ ಒಟ್ಟಿಗೆ ಮಲಗಿಬಿಡುತ್ತಿದ್ದರು. ಒಲೆ ಹಚ್ಚುವವರೇ ಇಲ್ಲದ ಮನೆಯಲ್ಲಿ ಜ್ವರಕ್ಕಿಂತ ಮೊದಲು ಹಸಿವು, ಬಾಯಾರಿಕೆ ಮನುಷ್ಯನನ್ನು ಕುಗ್ಗಿಸುತ್ತವೆ. ಎರಡು ಹೊತ್ತು ಬಿಸಿ ಗಂಜಿ, ಕುಡಿಯಲು ಕಾಯಿಸಿದ ನೀರು, ಮೈ ಒರೆಸಿ ಹೊದಿಸುವ ಒಂದು ಕೈ, ಇಷ್ಟೇ ಸಿಕ್ಕಿ ಬದುಕಿದವರು ಎಷ್ಟೋ ಮಂದಿ. ಆ ವರ್ಷದ ಪರಿಹಾರ ಕಾರ್ಯದಲ್ಲಿ ಓದಿದವರೂ ಅನುಕೂಲಸ್ಥರೂ ಹಿಂದೆಂದೂ ಕಾಣದ ಸಂಖ್ಯೆಯಲ್ಲಿ ಬಡವರ ನೆರವಿಗೆ ಇಳಿದರು ಎಂದು ಬ್ರಿಟಿಷ್ ಭಾರತದ ಆರೋಗ್ಯಾಧಿಕಾರಿಗಳೇ ಬರೆದಿಟ್ಟರು. ವೈದ್ಯಶಾಸ್ತ್ರ ಕೈಚೆಲ್ಲಿದ್ದ ಕಾಲದಲ್ಲಿ ಮಾಡಲು ಉಳಿದಿದ್ದದ್ದು ಆರೈಕೆ, ಅದನ್ನು ಮಾಡಬಲ್ಲವರು ಕೂಗಳತೆಯಲ್ಲಿದ್ದವರು.

ಹಾಗಾದರೆ ಆ ಲೆಕ್ಕದಲ್ಲಿ ಏನೇನಿರಬೇಕು? ಒಂದು ನೋಟುಪುಸ್ತಕ ಸಾಕು. ಮನೆ, ಅದರಲ್ಲಿ ಎಷ್ಟು ಜನ, ಅರವತ್ತು ದಾಟಿದವರು ಯಾರು, ಒಂಟಿಯಾಗಿರುವವರು ಯಾರು, ಬಿಪಿ, ಶುಗರ್, ಹೃದಯದ ಮಾತ್ರೆ ನುಂಗುವವರು ಯಾರು, ಡಯಾಲಿಸಿಸ್‌ಗೆ ವಾರಕ್ಕೆ ಎಷ್ಟು ಸಲ, ಯಾವ ಯಾವ ದಿನ ಹೋಗುತ್ತಾರೆ, ಗರ್ಭಿಣಿ ಇದ್ದರೆ ಎಷ್ಟನೇ ತಿಂಗಳು, ದಿನಗೂಲಿಯವರು ಯಾರು, ತುರ್ತು ಬಂದರೆ ಕರೆಯಬೇಕಾದ ಮಗ, ಮಗಳು ಅಥವಾ ತಮ್ಮನ ನಂಬರ್ ಯಾವುದು. ಇದನ್ನು ಬರೆದಿಟ್ಟ ಮೇಲೆ ಮುಂದಿನ ಕೆಲಸ ದಿನಕ್ಕೊಂದು ಫೋನ್ ಕರೆ. 'ಚೆನ್ನಾಗಿದ್ದೀರಾ?' ಎಂದು ಕೇಳಿದರೆ ನಮ್ಮ ಹಿರಿಯರಲ್ಲಿ ನೂರಕ್ಕೆ ತೊಂಬತ್ತು ಮಂದಿ 'ಹೂಂ ಕಣಪ್ಪ, ಚೆನ್ನಾಗಿದೀನಿ' ಎನ್ನುತ್ತಾರೆ. ಅವರಿಗೆ ಇನ್ನೊಬ್ಬರಿಗೆ ತೊಂದರೆ ಕೊಡುವುದು ಬೇಡ. ಅದರ ಬದಲು 'ಅಜ್ಜೀ, ಮಾತ್ರೆ ಡಬ್ಬ ತಂದು ಪಕ್ಕದಲ್ಲಿಟ್ಕೊಳ್ಳಿ, ಬಿಳಿ ಮಾತ್ರೆ ಇನ್ನೆಷ್ಟಿದೆ ಎಣಿಸಿ ಹೇಳಿ' ಎಂದು ಕೇಳಿದರೆ ಉತ್ತರ ಬೇರೆಯಾಗುತ್ತದೆ. ನಾಲ್ಕೇ ಉಳಿದಿವೆ ಎಂದು ಗೊತ್ತಾಗುತ್ತದೆ, ದಿನಕ್ಕೆ ಎರಡು ನುಂಗಬೇಕಾದದ್ದನ್ನು ಉಳಿಸಲೆಂದು ಒಂದು ನುಂಗುತ್ತಿದ್ದಾರೆ ಎಂಬುದೂ ಗೊತ್ತಾಗಬಹುದು. ಸ್ಟ್ರಿಪ್‌ನ ಫೋಟೋ ತರಿಸಿಕೊಂಡು, ಹೆಸರಿನ ಜೊತೆಗೆ ಎಷ್ಟು ಮಿಲಿಗ್ರಾಂ ಎಂಬುದನ್ನೂ ನೋಡಿಕೊಂಡು, ಮೆಡಿಕಲ್ ಶಾಪಿನಿಂದ ಒಂದು ತಿಂಗಳಿಗಾಗುವಷ್ಟು ತಂದು ಬಾಗಿಲ ಹಿಡಿಕೆಗೆ ಚೀಲ ನೇತುಹಾಕಿ ಬಂದರೆ ಒಂದು ಮನೆಯ ಮಟ್ಟಿಗೆ ದೊಡ್ಡ ಅಪಾಯವೊಂದು ತಪ್ಪಿದಂತೆ. ಲಾಕ್‌ಡೌನ್ ದಿನಗಳಲ್ಲಿ ಜನ ಕೊರೊನಾದಿಂದ ಮಾತ್ರ ಸಾಯುತ್ತಿರಲಿಲ್ಲ. ನಿಂತುಹೋದ ಡಯಾಲಿಸಿಸ್, ತಪ್ಪಿದ ಇನ್ಸುಲಿನ್, ಸಿಗದ ಆಟೊ, ಮುಚ್ಚಿದ ಕ್ಲಿನಿಕ್ ಎಲ್ಲವೂ ಸೇರಿಕೊಂಡಿದ್ದವು.

ಇನ್ನೊಂದು ಉಪಕರಣದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಬೀದಿಗೆ ಒಂದಿದ್ದರೂ ಸಾಕಾಗುವಂಥದ್ದು ಅದು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುತ್ತದೆ. ಕೋವಿಡ್‌ನ ಒಂದು ಮೋಸವೆಂದರೆ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದರೂ ಕೆಲವರಿಗೆ ಏದುಸಿರು ಬರುತ್ತಿರಲಿಲ್ಲ. ಮಾತಾಡುತ್ತ, ಟಿವಿ ನೋಡುತ್ತ ಕೂತವರು ಸಂಜೆಯ ಹೊತ್ತಿಗೆ ಕುಸಿಯುತ್ತಿದ್ದರು. ಅಳೆಯುವುದು ಸುಲಭ, ಆದರೆ ಸರಿಯಾಗಿ ಅಳೆಯಬೇಕು. ಉಗುರಿಗೆ ಬಣ್ಣ, ಬೆರಳಿಗೆ ಮೆಹಂದಿ ಇದ್ದರೆ ಅಂಕಿ ತಪ್ಪಬಹುದು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ಐದು ನಿಮಿಷ ಸುಮ್ಮನೆ ಕೂತು, ಬೆರಳಿಗೆ ಸಿಕ್ಕಿಸಿದ ಮೇಲೆ ಅಂಕಿ ಏರಿಳಿಯುವುದು ನಿಲ್ಲುವವರೆಗೆ ಕಾದು ಬರೆದುಕೊಳ್ಳಬೇಕು. 94ಕ್ಕಿಂತ ಕೆಳಗಿಳಿದರೆ ವೈದ್ಯರಿಗೆ ತಿಳಿಸಲೇಬೇಕು. ಕೂತಾಗ ಚೆನ್ನಾಗಿದ್ದವರು ಕೋಣೆಯೊಳಗೇ ಆರು ನಿಮಿಷ ನಡೆದ ಮೇಲೆ ಅಂಕಿ ಗಣನೀಯವಾಗಿ ಇಳಿದರೆ ಅದೂ ಎಚ್ಚರಿಕೆಯೇ. ಕಪ್ಪು ಮೈಬಣ್ಣದವರಲ್ಲಿ ಈ ಉಪಕರಣ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಇದೆ ಎಂದು 2020ರ ಕೊನೆಯಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು, ಹಾಗಾಗಿ ಒಂದು ಸಲದ ಅಂಕಿಗಿಂತ ದಿನದಿಂದ ದಿನಕ್ಕೆ ಅದು ಎತ್ತ ಸಾಗುತ್ತಿದೆ ಎಂಬುದನ್ನೇ ನೋಡುವುದು ಕ್ಷೇಮ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಸ್ಯಾನಿಟೈಸರ್ ಹಾಕಿದ ಹತ್ತಿಯಿಂದ ಒರೆಸಿ ಕೊಡುವುದು, ಬೆಳಿಗ್ಗೆ ಮತ್ತು ಸಂಜೆಯ ಅಂಕಿಯನ್ನು ಫೋನಿನಲ್ಲಿ ಕೇಳಿ ನೋಟುಪುಸ್ತಕದಲ್ಲಿ ಬರೆಯುವುದು, ಇಳಿಯುತ್ತಿದ್ದರೆ ರಾತ್ರಿಯಾಗುವ ಮೊದಲೇ ಗಾಡಿ ಗೊತ್ತು ಮಾಡುವುದು. ಎಸ್ಸೆಸ್ಸೆಲ್ಸಿ ಓದುವ ಹುಡುಗಿಯೂ ಮಾಡಬಹುದಾದ ಕೆಲಸ ಇದು.

ಹಣದ ವಿಷಯಕ್ಕೆ ಬಂದರೆ, ಎಲ್ಲಕ್ಕಿಂತ ಮೊದಲ ನೆರವು ದಾನವಲ್ಲ, ಕೊಡಬೇಕಾದದ್ದನ್ನು ನಿಲ್ಲಿಸದೆ ಕೊಡುವುದು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2020ರ ಏಪ್ರಿಲ್-ಮೇ ತಿಂಗಳಲ್ಲಿ ಕರ್ನಾಟಕವೂ ಸೇರಿ ಹನ್ನೆರಡು ರಾಜ್ಯಗಳ ಸುಮಾರು ಐದು ಸಾವಿರ ದುಡಿಯುವ ಜನರನ್ನು ಫೋನಿನಲ್ಲಿ ಮಾತಾಡಿಸಿದಾಗ ಮೂರರಲ್ಲಿ ಎರಡು ಪಾಲು ಮಂದಿ ಕೆಲಸ ಕಳೆದುಕೊಂಡಿದ್ದರು, ಹತ್ತರಲ್ಲಿ ಹೆಚ್ಚುಕಡಿಮೆ ಎಂಟು ಮನೆಗಳು ಮೊದಲಿಗಿಂತ ಕಡಿಮೆ ಉಣ್ಣುತ್ತಿದ್ದವು. ಮನೆಗೆಲಸಕ್ಕೆ ಬರುವ ಅಕ್ಕ, ಇಸ್ತ್ರಿ ಅಂಗಡಿಯವರು, ಶಾಲಾ ವ್ಯಾನಿನ ಚಾಲಕ, ಹೂ ಕೊಡುವ ಅಮ್ಮ ಇವರಿಗೆಲ್ಲ ಸಂಬಳ ಕೊಡುವವರು ನಾವೇ, ಅಂದರೆ ಬೀದಿಯವರೇ. ಕೆಲಸಕ್ಕೆ ಬರಬೇಡಿ ಎಂದವರು ಸಂಬಳವನ್ನೂ ನಿಲ್ಲಿಸಿದರೆ, ಆಮೇಲೆ ರೇಷನ್ ಕಿಟ್ ಹಂಚಲು ಹೊರಡುವುದು ಆ ನಷ್ಟವನ್ನು ತುಂಬಲಾರದು. ಕೈಯಲ್ಲಿ ಸಂಬಳ ಇದ್ದವಳು ತನ್ನ ಮನೆಗೆ ಏನು ಬೇಕೋ ಅದನ್ನು ತಾನೇ ಕೊಳ್ಳುತ್ತಾಳೆ. ಮಗುವಿಗೆ ಹಾಲೋ, ಅತ್ತೆಗೆ ಮಾತ್ರೆಯೋ, ಫೋನಿಗೆ ರೀಚಾರ್ಜೋ ಎಂಬುದು ಅವಳಿಗೆ ಗೊತ್ತಿರುವಷ್ಟು ಕಿಟ್ ಕಟ್ಟುವವರಿಗೆ ಗೊತ್ತಿರುವುದಿಲ್ಲ. ಬಾಡಿಗೆ ಪಡೆಯುವವರು ಒಂದು ತಿಂಗಳ ಬಾಡಿಗೆ ಬಿಟ್ಟರೆ ಅಥವಾ ಕಂತು ಮಾಡಿಕೊಟ್ಟರೆ ಅದರಷ್ಟು ನೇರವಾದ ನೆರವು ಇನ್ನೊಂದಿಲ್ಲ.

ಇಲ್ಲಿಗೆ ಈ ವಾದಕ್ಕೆ ಅತ್ಯಂತ ಗಟ್ಟಿಯಾದ ಆಕ್ಷೇಪಣೆ ಎದುರಾಗುತ್ತದೆ. ನೆರೆಹೊರೆ ಎಂದರೆ ಯಾರು? ನಮ್ಮ ಊರುಗಳಲ್ಲಿ ಬೀದಿಗಳು ಜಾತಿಯಿಂದ ಕಟ್ಟಿದವು, ನಗರಗಳಲ್ಲಿ ಬಾಡಿಗೆಯ ದರದಿಂದ ಕಟ್ಟಿದವು. ಇಪ್ಪತ್ತು ಮನೆಗಳ ಲೆಕ್ಕ ಇಟ್ಟರೆ ಇದ್ದವರು ಇದ್ದವರಿಗೇ ನೆರವಾಗುತ್ತಾರೆ, ಇಲ್ಲದವರ ಕೇರಿಯಲ್ಲಿ ಎಲ್ಲರೂ ಇಲ್ಲದವರೇ ಉಳಿಯುತ್ತಾರೆ. ಈ ಆಕ್ಷೇಪಣೆ ನಿಜ, ಅದನ್ನು ತಳ್ಳಿಹಾಕುವಂತಿಲ್ಲ. 2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿದ್ದಾಗ ಬೆಂಗಳೂರಿನ ಕಟ್ಟಡ ಕಾಮಗಾರಿಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಬಿಹಾರ, ಒಡಿಶಾ, ಬಂಗಾಳದ ಕಡೆಯವರೂ, ರಾಯಚೂರು, ಕಲಬುರಗಿ, ಯಾದಗಿರಿ ಕಡೆಯಿಂದ ಗುಳೆ ಬಂದ ನಮ್ಮವರೂ ಸಿಕ್ಕಿಬಿದ್ದರು. ಅವರಿಗೆ ಮನೆ ನಂಬರ್ ಇರಲಿಲ್ಲ, ಇಲ್ಲಿನ ರೇಷನ್ ಕಾರ್ಡ್ ಇರಲಿಲ್ಲ, ಯಾವ ಬೀದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಅವರ ಹೆಸರಿರಲಿಲ್ಲ. ಮೇ ಮೊದಲ ವಾರ ರಾಜ್ಯ ಸರ್ಕಾರ ಹೊರರಾಜ್ಯದವರನ್ನು ಊರಿಗೆ ಒಯ್ಯುವ ರೈಲುಗಳನ್ನು ರದ್ದುಪಡಿಸಿ, ಟೀಕೆ ಬಂದ ಮೇಲೆ ಮತ್ತೆ ಓಡಿಸಲು ಒಪ್ಪಿತು. ಕಟ್ಟಡ ಕಟ್ಟಲು ಬೇಕಾಗಿದ್ದ ಜನ ಲೆಕ್ಕಕ್ಕೆ ಬೇಡವಾಗಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಈ ಆಕ್ಷೇಪಣೆಯಿಂದ ಬರುವ ತೀರ್ಮಾನ ಲೆಕ್ಕವೇ ಬೇಡ ಎಂಬುದಲ್ಲ. ಲೆಕ್ಕ ಎಲ್ಲಿಂದ ಶುರುವಾಗಬೇಕು ಎಂಬುದು. ಇಪ್ಪತ್ತು ಮನೆ ಎಂದಾಗ ಮನೆ ನಂಬರ್ ಇಲ್ಲದವರೇ ಪಟ್ಟಿಯ ಮೊದಲ ಸಾಲಿನಲ್ಲಿ ಬರಬೇಕು: ಕಟ್ಟುತ್ತಿರುವ ಕಟ್ಟಡದ ವಾಚ್‌ಮನ್ ಕುಟುಂಬ, ಬೇಕರಿಯ ಮಹಡಿಯ ಮೇಲೆ ಮಲಗುವ ಹುಡುಗರು, ಪಿಜಿಯಲ್ಲಿ ಉಳಿದುಕೊಂಡ ಈಶಾನ್ಯ ರಾಜ್ಯಗಳ ಯುವತಿಯರು, ಫ್ಲೈಓವರ್ ಕೆಳಗಿನವರು, ಬೆಳಿಗ್ಗೆ ಕಸ ಒಯ್ಯಲು ಬರುವ ಪೌರಕಾರ್ಮಿಕರು. ಇವರು ಬೀದಿಯಲ್ಲಿ ವಾಸ ಮಾಡದೆ ಇರಬಹುದು, ಬೀದಿ ಇವರಿಂದ ನಡೆಯುತ್ತದೆ. ಅವರಿಗೆ ಏನು ಬೇಕು ಎಂಬುದನ್ನೂ ಕೇಳಿಯೇ ತಿಳಿಯಬೇಕು. ಒಲೆ, ಪಾತ್ರೆ ಇದ್ದವರಿಗೆ ಅಡುಗೆ ಮಾಡಿದ ಪೊಟ್ಟಣಕ್ಕಿಂತ ದಿನಸಿ ಮೇಲು, ಗೋಧಿಹಿಟ್ಟು, ಆಲೂಗಡ್ಡೆ ತಿಂದು ಬೆಳೆದವರಿಗೆ ಅಕ್ಕಿ, ಸಾಂಬಾರ್ ಪುಡಿಯ ಕಿಟ್ ಅರ್ಧ ನೆರವು ಮಾತ್ರ. ಊರಿಗೆ ಹೊರಟವರಿಗೆ ದಿನಸಿ ಹೊರೆ, ಅವರಿಗೆ ಬೇಕಾದದ್ದು ಟಿಕೆಟ್ಟಿನ ಅರ್ಜಿ ತುಂಬಿಕೊಡುವ ಕೈ, ದಾರಿಗೆ ನೀರು, ಒಂದಿಷ್ಟು ನಗದು. ಇದ್ದವರ ಬೀದಿ ತನ್ನ ಲೆಕ್ಕ ಮುಗಿಸಿ ಪಕ್ಕದ ಇಲ್ಲದವರ ಕೇರಿಯ ಲೆಕ್ಕಕ್ಕೂ ಜೊತೆಯಾದರೆ ಈ ಆಕ್ಷೇಪಣೆಗೆ ಉತ್ತರ ಸಿಕ್ಕಂತಾಗುತ್ತದೆ. ಆಗದಿದ್ದರೆ ಆಕ್ಷೇಪಣೆಯೇ ಗೆದ್ದಂತೆ, ಅದನ್ನು ಒಪ್ಪಿಕೊಳ್ಳಬೇಕು.

ಎರಡನೆಯ ಆಕ್ಷೇಪಣೆ: ಇದೆಲ್ಲ ಸರ್ಕಾರದ ಕೆಲಸವಲ್ಲವೇ? ಹೌದು, ಸರ್ಕಾರದ ಕೆಲಸವೇ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿದು ರೋಗಿಗಳು ಪ್ರಾಣ ಬಿಟ್ಟರು. ಎಷ್ಟೇ ಒಳ್ಳೆಯ ನೆರೆಹೊರೆಯೂ ಅದನ್ನು ತಡೆಯಲಾರದು. ಹಾಸಿಗೆ, ವೈದ್ಯರು, ಲಸಿಕೆ, ಪಡಿತರ ಇವು ಹಕ್ಕುಗಳು, ಇವಕ್ಕೆ ಬದಲಾಗಿ ನೆರೆಯವರ ಒಳ್ಳೆಯತನವನ್ನು ತೋರಿಸಿ ಯಾವ ಸರ್ಕಾರವೂ ಕೈತೊಳೆದುಕೊಳ್ಳಬಾರದು. ಆದರೆ ಸರ್ಕಾರದ ಕೈ ಕೊನೆಗೆ ಮನೆಬಾಗಿಲಿಗೆ ಮುಟ್ಟುವುದು ಯಾರ ಮೂಲಕ? ಆಶಾ ಕಾರ್ಯಕರ್ತೆಯರ ಮೂಲಕ. ರಾಜ್ಯದಲ್ಲಿ ಸುಮಾರು 42 ಸಾವಿರ ಮಂದಿ ಇದ್ದ ಅವರು ಬಿಸಿಲಿನಲ್ಲಿ ಮನೆಮನೆ ಸುತ್ತಿ ಜ್ವರ ಇದೆಯೇ, ಕೆಮ್ಮು ಇದೆಯೇ, ಹೊರಗಿನಿಂದ ಯಾರಾದರೂ ಬಂದಿದ್ದಾರೆಯೇ ಎಂದು ಬರೆದುಕೊಂಡರು. ಕೆಲವೆಡೆ ಬೈಗುಳ ತಿಂದರು, ಹಲ್ಲೆಗೂ ಒಳಗಾದರು. 2020ರ ಜುಲೈನಲ್ಲಿ, ಅಂದರೆ ಸಾಂಕ್ರಾಮಿಕದ ನಡುವೆಯೇ, ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಕೊಡಿ ಎಂದು ಅವರು ಮುಷ್ಕರಕ್ಕೆ ಇಳಿಯಬೇಕಾಯಿತು. ದೇಶದ ಆಶಾ ಕಾರ್ಯಕರ್ತೆಯರಿಗೆ 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಶಸ್ತಿ ಸಿಕ್ಕಿತು. ಪ್ರಶಸ್ತಿಯಿಂದ ಗೌರವ ಬಂದಿತು, ಅವರ ಮನೆ ನಡೆಯಲು ಸಂಬಳ ಬೇಕು. ಬೀದಿಯವರು ಇಟ್ಟ ಲೆಕ್ಕ ಆಶಾ ಕಾರ್ಯಕರ್ತೆಯ ಕೈಗೆ ಸಿಕ್ಕರೆ ಅವಳ ಅರ್ಧ ದಿನದ ಅಲೆದಾಟ ಉಳಿಯುತ್ತದೆ. ಅವಳು ಬಂದಾಗ ಬಾಗಿಲು ತೆರೆಯುವುದು, ನಿಜ ಹೇಳುವುದು, ಕುಡಿಯಲು ನೀರು ಕೊಡುವುದು, ಅವಳ ಬೇಡಿಕೆಗೆ ದನಿಗೂಡಿಸುವುದು ಇವೂ ಸಮುದಾಯಕ್ಕೆ ಮಾಡುವ ಸೇವೆಯೇ.

ಸರ್ಕಾರ ಮತ್ತು ನೆರೆಹೊರೆ ಒಂದಕ್ಕೊಂದು ಎದುರಲ್ಲ ಎಂಬುದಕ್ಕೆ ಪಕ್ಕದ ಕೇರಳ ಒಳ್ಳೆಯ ಪುರಾವೆ. 2020ರ ಮಾರ್ಚ್ ಕೊನೆಯಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಸಮುದಾಯ ಅಡುಗೆಮನೆಗಳು ಶುರುವಾದವು. ಸ್ಥಳೀಯ ಸಂಸ್ಥೆಗಳ ಹೊಣೆ, ಕುಡುಂಬಶ್ರೀ ಎಂಬ ಮಹಿಳಾ ಸಂಘಟನೆಯ ಹೆಂಗಸರ ದುಡಿಮೆ. 1998ರಲ್ಲಿ ಆರಂಭವಾದ ಕುಡುಂಬಶ್ರೀಯ ಬುಡ ಇರುವುದು ಹತ್ತರಿಂದ ಇಪ್ಪತ್ತು ಮನೆಗಳ ಹೆಂಗಸರು ವಾರಕ್ಕೊಮ್ಮೆ ಸೇರುವ ನೆರೆಕೂಟದಲ್ಲಿ. ರೋಗ ಬಂದ ಮೇಲೆ ಅವರು ಒಬ್ಬರನ್ನೊಬ್ಬರು ಹುಡುಕಬೇಕಾಗಲಿಲ್ಲ, ಎರಡು ದಶಕದಿಂದ ಪರಿಚಯವಿತ್ತು. ನಮ್ಮಲ್ಲೂ ಸ್ತ್ರೀಶಕ್ತಿ ಸಂಘಗಳಿವೆ, ಸಂಜೀವಿನಿ ಗುಂಪುಗಳಿವೆ, ಮಾಸ್ಕ್ ಸಿಗದ ದಿನಗಳಲ್ಲಿ ಅವರು ಹೊಲಿದು ಕೊಟ್ಟದ್ದನ್ನು ಮರೆಯಬಾರದು. ಸಾಲ, ಉಳಿತಾಯಕ್ಕೆ ಸೇರುವ ಆ ಸಭೆಯಲ್ಲೇ ಬೀದಿಯ ಆರೋಗ್ಯದ ಲೆಕ್ಕವೂ ಸೇರಿದರೆ ಹೊಸ ಸಂಘಟನೆ ಕಟ್ಟುವ ಅಗತ್ಯವೇ ಬೀಳುವುದಿಲ್ಲ.

ಮೂರನೆಯ ಆತಂಕ ನೆರವಾಗುವವರ ಸುರಕ್ಷತೆಯದು. 1897ರಲ್ಲಿ ಪುಣೆಯ ಪ್ಲೇಗ್ ಕಾಲದಲ್ಲಿ ಸಾವಿತ್ರಿಬಾಯಿ ಫುಲೆ ಮಗ ಯಶವಂತನ ಜೊತೆ ಸೇರಿ ರೋಗಿಗಳಿಗಾಗಿ ಚಿಕಿತ್ಸಾಲಯ ನಡೆಸಿದರು, ಸೋಂಕು ತಗುಲಿದ ಬಾಲಕನೊಬ್ಬನನ್ನು ತಾವೇ ಹೊತ್ತು ತಂದು, ಅದೇ ರೋಗಕ್ಕೆ ಮಾರ್ಚ್ 10ರಂದು ತೀರಿಕೊಂಡರು. ಆ ತ್ಯಾಗದ ಮುಂದೆ ತಲೆಬಾಗಬೇಕು, ಆದರೆ ಸಾಮಾನ್ಯ ಜನರ ನೆರವಿನ ವ್ಯವಸ್ಥೆ ಯಾರ ಪ್ರಾಣವನ್ನೂ ಕೇಳಬಾರದು. ಫೋನ್ ಮತ್ತು ಹೊಸ್ತಿಲು ಈ ಎರಡರಲ್ಲೇ ಹೆಚ್ಚಿನ ಕೆಲಸ ಮುಗಿಯುತ್ತದೆ. ಸಾಮಾನು ಬಾಗಿಲಲ್ಲಿಟ್ಟು ಹಿಂದೆ ಸರಿದು ಕರೆ ಮಾಡುವುದು, ಮಾತಾಡಲೇಬೇಕಾದರೆ ಅಂಗಳದಲ್ಲಿ ನಿಂತು ಮಾಸ್ಕ್ ಹಾಕಿ ಮಾತಾಡುವುದು, ಕಿಟಕಿ ತೆರೆದಿಡಿ ಎಂದು ಹೇಳುವುದು. ಅರವತ್ತು ದಾಟಿದವರು, ಬೇರೆ ಕಾಯಿಲೆ ಇರುವವರು ಫೋನಿನ ಕೆಲಸ ವಹಿಸಿಕೊಳ್ಳಲಿ, ಓಡಾಟ ಆರೋಗ್ಯವಂತ ಯುವಕ ಯುವತಿಯರಿಗಿರಲಿ. ಅವರಲ್ಲೂ ಒಬ್ಬರಿಗೆ ಮೈ ಬೆಚ್ಚಗಾದರೆ ಆ ದಿನವೇ ಓಡಾಟ ನಿಲ್ಲಬೇಕು.

ಇದರ ಜೊತೆಗೇ ಇರುವ ಇನ್ನೊಂದು ಅಪಾಯ ಲೆಕ್ಕದ ಪುಸ್ತಕವೇ ಆಯುಧವಾಗುವುದು. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ವಿದೇಶದಿಂದ ಬಂದು ಮನೆಯಲ್ಲೇ ಪ್ರತ್ಯೇಕವಾಗಿದ್ದವರ ವಿಳಾಸಗಳನ್ನು ಬಹಿರಂಗಪಡಿಸಿತು. ಪಟ್ಟಿಗಳು ಮೊಬೈಲ್‌ಗಳಲ್ಲಿ ಹರಿದಾಡಿದವು. ಬಾಗಿಲಿಗೆ ನೋಟಿಸ್ ಅಂಟಿಸಿದ ಮನೆಗಳ ಕಡೆಗೆ ಹಾಲಿನವರೂ ಸುಳಿಯದಂತಾಯಿತು. ರೋಗಿಗಳ ಮನೆ ಮುಂದೆ ಪೋಸ್ಟರ್ ಅಂಟಿಸುವುದು ರೂಢಿಯಾಗಬಾರದು, ಸಕ್ಷಮ ಪ್ರಾಧಿಕಾರ ನಿರ್ದಿಷ್ಟವಾಗಿ ಸೂಚಿಸಿದ್ದಲ್ಲಿ ಮಾತ್ರ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಡಿಸೆಂಬರ್‌ನಲ್ಲಿ ಹೇಳಿತು. ಅವಮಾನದ ಭಯ ಹುಟ್ಟಿದಲ್ಲಿ ಜನ ಪರೀಕ್ಷೆಗೇ ಹೋಗುವುದಿಲ್ಲ, ಜ್ವರವನ್ನು ಮುಚ್ಚಿಡುತ್ತಾರೆ, ತಡವಾಗಿ ಆಸ್ಪತ್ರೆಗೆ ಹೋಗುತ್ತಾರೆ. ಆದ್ದರಿಂದ ಬೀದಿಯ ಲೆಕ್ಕ ಇಬ್ಬರ ಕೈಯಲ್ಲಿ ಮಾತ್ರ ಇರಬೇಕು, ಕಾಗದದಲ್ಲೇ ಇರಬೇಕು, ಗುಂಪಿಗೆ ಫೋಟೋ ಹಾಕಕೂಡದು. ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸಕೂಡದು, ಅವರಿಗೆ ಒಂದು ಫೋನ್ ನಂಬರ್ ಕೊಟ್ಟು ಬಂದರೆ ಸಾಕು. ಆಸ್ಪತ್ರೆಯಲ್ಲಿ ದುಡಿಯುವ ನರ್ಸ್‌ಗೆ ಮನೆ ಖಾಲಿ ಮಾಡಿ ಎನ್ನುವ ಮಾಲೀಕರ ಎದುರು ನಾಲ್ಕು ಜನ ಹೋಗಿ ಮಾತಾಡುವುದು ಕೂಡ ಈ ಲೆಕ್ಕದೊಳಗೇ ಬರುತ್ತದೆ.

ರಕ್ತದಾನದ ಮಾತು ಪಟ್ಟಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಕಾಲೇಜು, ಕಚೇರಿ ಮುಚ್ಚಿದಾಗ ಶಿಬಿರಗಳು ನಿಲ್ಲುತ್ತವೆ, ಥಲಸ್ಸೇಮಿಯಾ ಇರುವ ಮಕ್ಕಳಿಗೆ, ಹೆರಿಗೆಗೆ, ಅಪಘಾತಕ್ಕೆ ಬೇಕಾದ ರಕ್ತ ಮಾತ್ರ ಅಷ್ಟೇ ಬೇಕಾಗುತ್ತದೆ. ಕೆಂಪು ರಕ್ತಕಣ ಐದಾರು ವಾರ ಉಳಿದರೆ ಪ್ಲೇಟ್‌ಲೆಟ್ ಉಳಿಯುವುದು ಐದು ದಿನ, ಹಾಗಾಗಿ ಕೂಡಿಡಲು ಸಾಧ್ಯವಿಲ್ಲ. 2021ರಲ್ಲಿ ಲಸಿಕೆ ಪಡೆದವರು ಮೊದಲು 28 ದಿನ, ಮೇ ತಿಂಗಳ ಬದಲಾವಣೆಯ ನಂತರ 14 ದಿನ ರಕ್ತ ಕೊಡುವಂತಿರಲಿಲ್ಲ. ಲಸಿಕೆಗೆ ಹೋಗುವ ಮುನ್ನ ಒಮ್ಮೆ ರಕ್ತ ಕೊಟ್ಟು ಹೋದವರು ಮಾಡಿದ್ದು ದೊಡ್ಡ ಉಪಕಾರ. ಲಸಿಕೆಯ ವಿಷಯದಲ್ಲೂ ಹೀಗೆಯೇ. 18ರಿಂದ 44ರ ವಯಸ್ಸಿನವರಿಗೆ ಮೇ 1ರಿಂದ ಲಸಿಕೆ ಎಂದಾಗ ಕೋವಿನ್‌ನಲ್ಲಿ ಸ್ಲಾಟ್ ಹಿಡಿಯಲು ಸ್ಮಾರ್ಟ್‌ಫೋನ್ ಬೇಕಿತ್ತು, ಇಂಗ್ಲಿಷ್ ಬೇಕಿತ್ತು. ಕನ್ನಡ ಬಂದದ್ದು ಆಮೇಲೆ. ನಗರದ ಯುವಕರು ಹಳ್ಳಿಯ ಕೇಂದ್ರಗಳ ಸ್ಲಾಟ್ ಹಿಡಿದು ಕಾರಿನಲ್ಲಿ ಹೋಗಿ ಹಾಕಿಸಿಕೊಂಡರು, ಆ ಊರಿನವರು ಹೊರಗೆ ನಿಂತು ನೋಡಿದರು. ತನ್ನದನ್ನು ಮುಗಿಸಿಕೊಳ್ಳುವ ಮೊದಲು ಪಕ್ಕದ ಮನೆಯ ಗಾರೆ ಕೆಲಸದವರ ಹೆಸರು ನೋಂದಾಯಿಸಿಕೊಡಲು ಹತ್ತು ನಿಮಿಷ ಸಾಕಾಗುತ್ತಿತ್ತು.

ರೋಗ ಇಳಿದ ಮೇಲೆ ಲೆಕ್ಕದ ಪುಸ್ತಕ ಮುಚ್ಚಿಬಿಡುವುದು ದೊಡ್ಡ ತಪ್ಪು. ನಿಜವಾದ ಕಷ್ಟ ಕೆಲವು ಮನೆಗಳಿಗೆ ಆಗ ಶುರುವಾಗುತ್ತದೆ. ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ ರಾಜ್ಯ ಸರ್ಕಾರ ಒಂದು ಲಕ್ಷ ರೂಪಾಯಿ ಘೋಷಿಸಿತು, ಸುಪ್ರೀಂ ಕೋರ್ಟಿನ ಮಧ್ಯಪ್ರವೇಶದಿಂದ 50 ಸಾವಿರದ ಪರಿಹಾರವೂ ಬಂದಿತು, ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ಬಾಲಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ ಎಂದಾಯಿತು. ಇವೆಲ್ಲ ಕೈಸೇರಬೇಕಾದರೆ ಮರಣ ಪ್ರಮಾಣಪತ್ರ, ಪರೀಕ್ಷೆಯ ವರದಿ, ಬ್ಯಾಂಕ್ ಪಾಸ್‌ಬುಕ್, ಆಧಾರ್ ಎಲ್ಲದರಲ್ಲೂ ಹೆಸರಿನ ಅಕ್ಷರ ಒಂದೇ ರೀತಿ ಇರಬೇಕು. ಪರೀಕ್ಷೆಯಾದ 30 ದಿನದೊಳಗಿನ ಸಾವನ್ನು ಕೋವಿಡ್ ಸಾವೆಂದೇ ಗಣಿಸಬೇಕು ಎಂಬ ನಿಯಮ ಇದ್ದರೂ ಅದು ಗೊತ್ತಿದ್ದವರು ಎಷ್ಟು ಮಂದಿ? ಗಂಡ ಸತ್ತು ಹದಿನೈದು ದಿನವಾದ ಹೆಂಗಸಿಗೆ ನಾಡಕಚೇರಿ, ತಾಲ್ಲೂಕು ಕಚೇರಿ ಅಲೆಯುವ ತ್ರಾಣ ಇರುವುದಿಲ್ಲ. ಆಸ್ಪತ್ರೆಯ ಚೀಟಿಗಳನ್ನು ಒಂದು ಫೈಲಿನಲ್ಲಿ ಜೋಡಿಸಿ, ಅರ್ಜಿ ತುಂಬಿ, ಅವಳ ಜೊತೆ ಎರಡು ಸಲ ಕಚೇರಿಗೆ ಹೋಗಿ ಬರುವವರು ಬೇಕು. ಆ ಮನೆಯ ಮಕ್ಕಳು ಮತ್ತೆ ಶಾಲೆಗೆ ಹೋಗುತ್ತಿದ್ದಾರೆಯೇ, ದೊಡ್ಡವನು ಗ್ಯಾರೇಜಿಗೆ ಸೇರಿಬಿಟ್ಟನೇ, ದೊಡ್ಡವಳಿಗೆ ವಯಸ್ಸಿಗೆ ಮುನ್ನ ಮದುವೆಯ ಮಾತು ನಡೆದಿದೆಯೇ ಎಂದು ನೋಡುವವರೂ ಬೇಕು. ಒಂದು ವರ್ಷ ಈ ಕೆಲಸ ಮಾಡಿದವರು ಏಪ್ರಿಲ್‌ನಲ್ಲಿ ಸಾವಿರ ಊಟ ಹಂಚಿದವರಿಗಿಂತ ಕಡಿಮೆ ಮಾಡಿದವರೇನಲ್ಲ.

ಮುಂದಿನ ಸಾಂಕ್ರಾಮಿಕ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು, ಆದರೆ ಅದು ಬಂದ ದಿನ ಪರಿಚಯ ಮಾಡಿಕೊಳ್ಳಲು ಸಮಯ ಸಿಗುವುದಿಲ್ಲ. ಡೆಂಗಿ, ಎಚ್1ಎನ್1 ವರ್ಷವರ್ಷವೂ ಬರುತ್ತವೆ, ಅವಕ್ಕೂ ಇದೇ ಲೆಕ್ಕ ಬೇಕು. ಈ ಭಾನುವಾರ ನಿಮ್ಮ ಎಡಬಲದ ಹತ್ತು ಹತ್ತು ಮನೆಗಳಲ್ಲಿ ಒಂಟಿಯಾಗಿರುವ ಹಿರಿಯರು ಯಾರೆಂದು ತಿಳಿದುಕೊಂಡು, ಅವರ ಮಕ್ಕಳ ಫೋನ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ನಿಮ್ಮ ಬೀದಿಗೆ ಬರುವ ಆಶಾ ಕಾರ್ಯಕರ್ತೆಯ ಹೆಸರು ಗೊತ್ತಿಲ್ಲದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಹೇಳುತ್ತಾರೆ.